ಎರಡೆಳೆಯ ಹೊಲಿಗೆ

ಗಂಡ ಮರುಳಪ್ಪ ಒದ್ದ ರಭಸಕ್ಕೆ ಕೊಟ್ರಮ್ಮ ಗೋಡೆಗೆ ಬಡಿದು ಬಿದ್ದಳು. ಅವಳು ಆಗಷ್ಟೇ ಹೊಲಿದು ಮುಗಿಸಿದ್ದ ಪುಸ್ತಕ ಅವನ ಕೈಗೆ ಸಿಕ್ಕಿತು. "ಹೊತ್ತು ಮೂಡಿದ್ರ ಹಾಳಿ ಹೊಲಿಯೋ ಹುಚ್ಚು ನಿಂಗ! ಇದನ್ನೂ ಹರಿದು ಒಗಿತೀನಿ ನೋಡಲೇ!"

ಎರಡೂ ರಟ್ಟು ಹಿಡಿದು ಎಳೆದ. ಹಿಂದಿನ ಪುಸ್ತಕಗಳೆಲ್ಲ ಹೀಗೇ ಹರಿದಿದ್ದವು. ಬರೀ ಅಂಟು ಹಾಕಿದ್ದರ ಬೆನ್ನು ಕಿತ್ತು ಬಂದಿತ್ತು. ಒಂಟಿ ದಾರದ್ದು ನಡುವೆ ತುಂಡಾಗಿತ್ತು. ಏಟಿನ ಬಾವು ಇಳಿಯುವ ಮೊದಲೇ ಕೊಟ್ರಮ್ಮ ಆ ಚೂರುಗಳನ್ನು ಆಯ್ದುಕೊಂಡು, ಎಲ್ಲಿ ಸೋತಿತೆಂದು ತಿರುವಿ ನೋಡುತ್ತಿದ್ದಳು.

ಈ ಸಲ ಪುಸ್ತಕದ ಬೆನ್ನು ಜಗ್ಗಲಿಲ್ಲ. ಮರುಳಪ್ಪ ಹಲ್ಲು ಕಚ್ಚಿ, ಹೊಲಿಗೆಯೊಳಗೆ ಬೆರಳು ತೂರಿಸಿ ಜಗ್ಗಿದ. ಕೊಟ್ಟೂರು ಸಂತೆಯಿಂದ ತಂದು ಮೇಣ ತೀಡಿದ್ದ ದಾರ ಅವನ ಬೆರಳನ್ನೇ ಕೊಯ್ದಿತು. ರಟ್ಟಿಗೆ ಹೊದಿಸಿದ್ದ ಹಳೇ ಇಳಕಲ್ ಸೀರೆಯ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು. "ಯವ್ವಾ!" ಎಂದು ಪುಸ್ತಕವನ್ನು ಕೈಬಿಟ್ಟ.

ಕೊಟ್ರಮ್ಮ ತುಟಿಯ ರಕ್ತ ಒರೆಸಿಕೊಂಡು ಎದ್ದಳು. ಹಾಳೆಗೆ ತೂತು ಹಾಕುವ ದಬ್ಬಣ ಇನ್ನೂ ಅವಳ ಬಲಗೈಯಲ್ಲೇ ಇತ್ತು. "ಹೋದ ಸಲ ನೀವು ಹರಿದಿದ್ರಲ್ಲ, ಅಲ್ಲೇ ಎರಡೆಳಿ ಹಾಕೀನ್ರಿ. ಇನ್ನೊಮ್ಮಿ ಜಗ್ರಿ, ನೋಡೋಣು."

ಮರುಳಪ್ಪ ದಬ್ಬಣ ನೋಡಿದ. ಅವಳಿಗೆ ಬೆನ್ನು ತೋರಿಸದೆ, ಹಿಂದಿಂದಕ್ಕೆ ಹೆಜ್ಜೆ ಇಡುತ್ತ ಹೊಸ್ತಿಲು ದಾಟಿದ.