ಮೈಕಿನ ಸರದಿ

ಕಂಪನಿಯ ಷೇರುದಾರರ ವಾರ್ಷಿಕ ಸಭೆ. ಷೇರಿನ ಬೆಲೆ ನೆಲ ಕಚ್ಚಿದ್ದರೂ ವೇದಿಕೆಯ ಮೇಲಿದ್ದ ಚೇರ್ಮನ್ನರ ನಗು ಮಾಸಿರಲಿಲ್ಲ. ಆ ನಗು ಕಂಡೇ ಇಂದುಮತಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಕೇಳಬೇಕೆಂದು ಬಂದದ್ದು ಒಂದೇ ಪ್ರಶ್ನೆ. ಕಂಪನಿಯ ಮಾಲನ್ನೆಲ್ಲ ಕೊಂಡನೆಂದು ಇವರು ಹೇಳುವ ದೊಡ್ಡ ವ್ಯಾಪಾರಿಯ ವಿಳಾಸ ಹುಡುಕಿಕೊಂಡು ಹೋದರೆ, ಅಲ್ಲಿ ಚೇರ್ಮನ್ನರ ಭಾವಮೈದುನನ ಖಾಲಿ ಗ್ಯಾರೇಜು ಯಾಕಿದೆ?

ಮೈಕು ಕೈಗೆ ಬಂದಾಗ ಅವಳು ಮೆಲುದನಿಯಲ್ಲಿ, “ಸಾರ್, ಒಂದು ಪ್ರಶ್ನೆ…” ಎಂದಳು. ಪಕ್ಕದ ಕುರ್ಚಿಯ ಮೀಸೆಯವನು ಥಟ್ಟನೆ ಎದ್ದ.

“ಅಕ್ಕಾ, ನೀವು ಮೆತ್ತಗೆ ಕೇಳಿದ್ರೆ ಈ ಕಳ್ಳರು ಬಗ್ಗಲ್ಲ. ಇಲ್ಲಿ ಕೊಡಿ, ನಾನು ಇವರ ನೀರಿಳಿಸ್ತೀನಿ.”

ಅವಳು ಕೊಟ್ಟುಬಿಟ್ಟಳು.

“ಲೂಟಿಕೋರರಾ! ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲೋ! ಮಾನ ಮರ್ಯಾದೆ ಇದೆಯೇನ್ರೋ ನಿಮಗೆ? ಕೊಟ್ಟ ಕಾಫೀನೂ ತಣ್ಣಗಿದೆ!”

ಅವನು ಬೈದೇ ಬೈದ. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಇಂದುಮತಿ. ಚೇರ್ಮನ್ನರು ತಲೆ ತಗ್ಗಿಸಿ, ಕೈಮುಗಿದು, ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಅವಳು ಮೈಕಿಗೆ ಕೈ ಚಾಚುವಷ್ಟರಲ್ಲಿ ಪ್ರಶ್ನೆ ಕೇಳುವ ಸಮಯ ಮುಗಿಯಿತೆಂದು ಸಾರಿದರು.

ಅಷ್ಟಾದರೂ ಬೈದನಲ್ಲ ಪುಣ್ಯಾತ್ಮ, ಒಂದು ಮಾತು ಹೇಳಿ ಹೋಗೋಣವೆಂದು ಅವಳು ಅವನನ್ನು ಹುಡುಕುತ್ತ ಹೊರಗೆ ಬಂದಳು. ಅವನು ಚೇರ್ಮನ್ನರ ಕಾರಿನ ಕಿಟಕಿಗೆ ಬಗ್ಗಿ ನಿಂತಿದ್ದ.

“ಕಾಫಿ ಮಾತು ಯಾಕೆ ಬೇಕಿತ್ತಯ್ಯಾ?” ಒಳಗಿನಿಂದ ಚೇರ್ಮನ್ನರ ದನಿ ನಗುತ್ತಿತ್ತು.

“ಬಾಯಿಗೆ ಬಂದ್ಬಿಡ್ತು ಸಾರ್. ಮುಂದಿನ ವರ್ಷಾನೂ ನನ್ನನ್ನ ಆ ಯಮ್ಮನ ಪಕ್ಕದಲ್ಲೇ ಕೂರಿಸಿ.”