ಕೊನೆಯ ಹದಿನೈದು ಪುಟ

ಮಗಳು ‘ರಿಪ್ಲೇಸ್ ಆಲ್’ ಒತ್ತಿದ್ದೇ ತಡ, ಅಪ್ಪನ ಆತ್ಮಕಥೆಯ ನಲವತ್ತು ಪುಟ ಕಣ್ಣೆದುರೇ ಇಪ್ಪತ್ತೈದಕ್ಕೆ ಇಳಿಯಿತು. ತಿಂಗಳ ಹಿಂದೆ ತೀರಿಕೊಂಡ ಅಪ್ಪನ ಬರಹವನ್ನು ಅಚ್ಚಿಗೆ ಕೊಡುವ ಮುಂಚೆ ಬೇಡದ ಸ್ಪೇಸು, ಖಾಲಿ ಸಾಲುಗಳನ್ನು ತೆಗೆಯಲು ಕೂತಿದ್ದಳು ಅಷ್ಟೇ. ಜಾಗ ಬಿಡುವುದರಲ್ಲಿ ಅಪ್ಪನದು ಧಾರಾಳ ಕೈ ಎಂಬುದು ಗೊತ್ತಿತ್ತು. ಆದರೂ ಹದಿನೈದು ಪುಟವೇ? ಅಳಿಸಿದ್ದನ್ನೆಲ್ಲ ಮರಳಿ ತಂದು ನೋಡಿದಳು. ಕೊನೆಯ ಹದಿನೈದು ಪುಟಗಳಲ್ಲಿ ಹುಡುಕಿದರೂ ಒಂದಕ್ಷರ ಇರಲಿಲ್ಲ. ಅಪ್ಪ ಬರೀ ಎಂಟರ್ ಒತ್ತುತ್ತಾ ಹೋಗಿದ್ದರು.

ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು? “ಕೊನೇ ದಿನದವರೆಗೂ ಬರೀತಿದ್ರು, ಅಡುಗೆಮನೆಗೆ ಟಕ್ ಟಕ್ ಅಂತ ಕೇಳಿಸ್ತಿತ್ತು” ಎಂದು ಬಂದವರೆದುರೆಲ್ಲ ಹೇಳಿಕೊಂಡೇ ಅಮ್ಮ ದುಃಖ ನುಂಗುತ್ತಿದ್ದಳು. ಬರೆಯುವ ತ್ರಾಣ ಹೋದಮೇಲೂ, ಸದ್ದು ನಿಂತರೆ ಹೆಂಡತಿ ಹೆದರಿಯಾಳೆಂದು ಅಪ್ಪ ಅದೊಂದೇ ಕೀಲಿ ಕುಟ್ಟುತ್ತಾ ಕೂತಿರಬೇಕು.

ಹಿಂದೆ ಹೆಜ್ಜೆ ಸದ್ದಾಯಿತು. ಮಗಳು ಗಡಿಬಿಡಿಯಲ್ಲಿ ಪರದೆಗೆ ಅಡ್ಡ ಬಂದಳು.

“ಮುಚ್ಚಿಡಬೇಡ ಬಿಡೇ,” ಎಂದು ಅಮ್ಮ ಅಪ್ಪನ ಕುರ್ಚಿಯ ಬೆನ್ನು ಹಿಡಿದು ನಿಂತಳು. “ಮೂವತ್ತು ವರ್ಷ ಆಫೀಸಲ್ಲಿ ಟೈಪಿಸ್ಟ್ ಆಗಿದ್ದೋಳು ನಾನು. ಒಂದೇ ಕೀಲಿ ಬಡೀತಿದಾರೆ ಅಂತ ಗೊತ್ತಾಗಲ್ವಾ?”

“ಮತ್ತೆ ಅಪ್ಪನ್ನ ಯಾಕಮ್ಮ ಕೇಳ್ಲಿಲ್ಲ?”

ಅಮ್ಮ ಎಂಟರ್ ಕೀಲಿಯ ಮೇಲೆ ಒಮ್ಮೆ ಬೆರಳಾಡಿಸಿದಳು. ಒತ್ತಲಿಲ್ಲ.

“ಕೇಳಿದ್ರೆ ನಿಲ್ಲಿಸ್ಬಿಡ್ತಿದ್ರು ಕಣೇ.”