ತಾಯಪ್ಪನ ಮೀಸೆ

ಬೆಳಿಗ್ಗೆ ತಾಯಪ್ಪ ಮೀಸೆಯಿಲ್ಲದೆ ಸ್ಟುಡಿಯೋದೊಳಗೆ ಕಾಲಿಟ್ಟಾಗ ರಜಿನಿಗೆ ಅವನ ಗುರುತೇ ಸಿಗಲಿಲ್ಲ. "ಯಾರು ಬೇಕಾಗಿತ್ತರಿ?" ಅಂದಳು. ಅವನು ಬಂದು, ದಿನದ ಹಾಗೆ ಸ್ಟೂಲಿನ ಮೇಲೆ ಕೂತು ಗದ್ದ ಎತ್ತಿದ. ರಜಿನಿಯ ಕೈಯಲ್ಲಿದ್ದ ಕುಂಚ ಜಾರಿ ಟರ್ಪೆಂಟೈನ್ ಡಬ್ಬಿಗೆ ಬಿತ್ತು.

ಗದ್ವಾಲದ ಹಳೇ ಸೇಂಗಾ ಗೋದಾಮಿನಲ್ಲಿ ನಡೆಯುವ ಆ ಚಿತ್ರಕಲಾ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ. ಮರುದಿನ ಪರೀಕ್ಷೆಗೆ ಭಾವಚಿತ್ರ ಒಪ್ಪಿಸಬೇಕು. ಕುರಿ ಸಂತೆಯಲ್ಲಿ ಮಲ್ದಕಲ್ಲಿನ ತಾಯಪ್ಪನನ್ನು ಕಂಡು, ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಆ ಮೀಸೆಗೆ ಮರುಳಾಗಿ, ಕಾಡಿ ಬೇಡಿ ಕರೆತಂದಿದ್ದಳು. ಮೀಸೆಯನ್ನು ಎಳೆ ಎಳೆಯಾಗಿ ಬರೆದು ಮುಗಿಸಿ, ಕಣ್ಣುಗಳನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದಳು.

"ಏನ್ ಮಾಡ್ಕೊಂಡ್ರಿ ಇದು?"

"ತೆಗಿಸಿಬಿಟ್ಟೆ. ಮೀಸಿ ಬರದಾತಲ್ಲವ್ವ, ಇನ್ನ ಅದು ನಿನಗ್ಯಾಕ?"

"ಮುಖಾನೇ ಬ್ಯಾರೆ ಆಗೇತಿ! ಕಣ್ಣು ಎಲ್ಲಿಂದ ತರ್ಲಿ?"

"ಮೊಬೈಲ್‌ನಾಗ ಫೋಟೋ ಹೊಡದೀಯಲ್ಲ."

"ಫೋಟೋ ನೋಡಿ ಬರದ್ರ ಫೇಲ್ ಮಾಡ್ತಾರ್ರಿ. ಎದುರಿಗಿದ್ದ ಮನುಷ್ಯಾನ್ನೇ ಬರೀಬೇಕು."

"ಹಂಗಾದ್ರ ಬರಿ. ಎದುರಿಗೇ ಅದೀನಿ."

ರಜಿನಿಗೆ ಅಳು ಬಂತು. ಅದನ್ನು ನೋಡಿ ತಾಯಪ್ಪ ಮೆತ್ತಗಾದ. "ನಿನ್ನೆ ಹೋಗೂ ಮುಂದ ನಿನ್ನ ಚಿತ್ರ ನೋಡಿದೆ. ಥೇಟ್ ನಮ್ಮಪ್ಪ ಕುಂತಂಗಿತ್ತು. ಅಂವ ಮುಂದಿನ ಬಾಗಲಕ ಬಂದ್ರ ನಾವೆಲ್ಲ ಹಿತ್ತಲ ಬಾಗಲಕ ಓಡ್ತಿದ್ವಿ. ಬರಬರತಾ ನಾನೂ ಅಂವನೇ ಆಗೀನಿ ಅಂತ ಗೊತ್ತೇ ಇರ್ಲಿಲ್ಲ ನೋಡು. ಬಸ್ ಬಿಟ್ಟು ಸೀದಾ ಕಟಿಂಗ್ ಶಾಪಿಗೆ ಹೋದೆ."

ರಜಿನಿ ಕಣ್ಣೊರೆಸಿಕೊಂಡು ಅವನನ್ನು ಸರಿಯಾಗಿ ನೋಡಿದಳು. ವರ್ಷಾನುಗಟ್ಟಲೆ ಬಿಸಿಲು ಕಾಣದ ಮೇಲ್ದುಟಿ ಸಿಪ್ಪೆ ಸುಲಿದ ಸೇಂಗಾಕಾಳಿನ ಹಾಗೆ ಬೆಳ್ಳಗಿತ್ತು. ಮೀಸೆಯ ಜೊತೆಗೆ ಗದರಿಕೆಯೂ ಹೋಗಿ, ಕಣ್ಣಿನಲ್ಲಿ ಹೊಸ ಮದುಮಗನ ನಾಚಿಕೆ ಬಂದು ಕೂತಿತ್ತು. ಬೇರೆ ದಾರಿ ಇರಲಿಲ್ಲ. ಅಪ್ಪನ ಮೀಸೆಯ ಮೇಲೆ ಮಗನ ಕಣ್ಣು ಬರೆದಳು. ಬರೆಯುತ್ತ ಬರೆಯುತ್ತ ನಗು ತಡೆಯಲಾಗಲಿಲ್ಲ, ತಾಯಪ್ಪನೂ ನಕ್ಕ.

ಮಧ್ಯಾಹ್ನ ಅವನು ಚಹಾ ತರುತ್ತೇನೆಂದು ಹೊರಗೆ ಹೋಗಿದ್ದ. ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಬಿರುಗಾಳಿಯ ಹಾಗೆ ಒಳಗೆ ನುಗ್ಗಿದಳು. "ಎವರಮ್ಮಾ ಇಕ್ಕಡ ರಜಿನಿ ಅಂಟೆ?" ಎಂದು ತೆಲುಗಿನಲ್ಲಿ ಗುಡುಗಿ, ರಜಿನಿ ಕೈ ಎತ್ತಿದ ಕೂಡಲೆ ಕನ್ನಡಕ್ಕೆ ಇಳಿದಳು. "ನಾ ಜಮ್ಮುಲಮ್ಮ. ತಾಯಪ್ಪನ ಹೇಂತಿ. ನನ್ನ ಗಂಡನ ಮೀಸಿ ಏನ್ ಮಾಡೀ? ಮೊಮ್ಮಗ ಹತ್ರ ಬರವಲ್ಲ, ನಾಯಿ ಒಳಗ ಬಿಡವಲ್ದು!"

ರಜಿನಿ ಚಿತ್ರವನ್ನೇ ಅವಳ ಕಡೆ ತಿರುಗಿಸಿದಳು.

ಜಮ್ಮುಲಮ್ಮ ನಿಂತಳು. ನೋಡಿದಳು. ಸ್ಟೂಲು ಎಳೆದುಕೊಂಡು ಚಿತ್ರದೆದುರು ಕೂತಳು. "ಹಾಂ, ಈಗ ಸಿಕ್ಕಿ" ಎಂದು ಚಿತ್ರದಲ್ಲಿದ್ದ ಗಂಡನಿಗೇ ಹೇಳಲು ಶುರು ಮಾಡಿದಳು. ಸೋರುವ ತಗಡು, ಮಕ್ತಲಕ್ಕೆ ಕೊಟ್ಟ ಮಗಳನ್ನು ಒಂದು ಹಬ್ಬಕ್ಕೂ ಕರೆತರದಿದ್ದದ್ದು, ತಾನು ಬಾಟಲಿ ಹಾಲು ಕುಡಿಸಿ ಸಾಕಿದ ಟಗರನ್ನು ಒಂದು ಮಾತೂ ಕೇಳದೆ ಮಾರಿದ್ದು. ಮೊದಲು ಬೈಗುಳವಿತ್ತು, ಟಗರಿನ ಹೊತ್ತಿಗೆ ದನಿ ಇಳಿಯಿತು. ಸ್ಟುಡಿಯೋದಲ್ಲಿ ಸುತ್ತ ಬರೆಯುತ್ತಿದ್ದ ಉಳಿದ ವಿದ್ಯಾರ್ಥಿಗಳ ಕುಂಚವೂ ನಿಂತಿತ್ತು.

ಕೊನೆಗೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಚಿತ್ರ ಸರಿ ಬಂದೈತೇನ್ರಿ?" ರಜಿನಿ ಅಂಜುತ್ತ ಕೇಳಿದಳು.

"ಹೋಲಿಕಿ ಏನೂ ಇಲ್ಲ ಬಿಡು. ಆದ್ರ ಪರೀಕ್ಷಾ ಮುಗದ ಮ್ಯಾಲ ಇದನ್ನ ನನಗ ಕೊಡು. ಮದುವಿ ಆದಾಗಿಂದ ನಡುವ ಬಾಯಿ ಹಾಕದಂಗ ನನ್ನ ಮಾತು ಪೂರ್ತಿ ಕೇಳಿದ್ದು ಇಂವೊಬ್ಬನೇ."

ಹೇಳಿ ಎದ್ದು ತಿರುಗಿದಳು. ಬಾಗಿಲಲ್ಲಿ ತಾಯಪ್ಪ ನಿಂತಿದ್ದ. ಅವನ ಕೈಯಲ್ಲಿದ್ದ ಚಹಾಕ್ಕೆ ಆಗಲೇ ಕೆನೆ ಕಟ್ಟಿತ್ತು.